ಏನು ತಿಂದಿತ್ತು?

ನಮ್ಮೂರಲ್ಲಿ ಬೆಟ್ಟದ ಕೆರೆಯಿಂದ ಇಳಿದು ಬಂದವನನ್ನು ‘ಎಷ್ಟು ಸಿಕ್ಕಿತು’ ಅಂತ ಯಾರೂ ಕೇಳುವುದಿಲ್ಲ. ಅದು ಬೇಸಿಗೆಯಲ್ಲಿ ಕಾರು ಹತ್ತಿಕೊಂಡು ಬರುವ ಇಂಗ್ಲಿಷರ ಪ್ರಶ್ನೆ. ವೇಲ್ಸಿನ ಕಲ್ಲುಗಣಿಯವರು ನಾವು, ನಾವು ಕೇಳುವುದು ಒಂದೇ: ‘ಏನು ತಿಂದಿತ್ತು?’ ಹಿಡಿದ ಮೊದಲ ಟ್ರೌಟ್ ಮೀನಿನ ಹೊಟ್ಟೆ ಸೀಳಬೇಕು, ಒಳಗಿದ್ದುದನ್ನು ಬಿಳಿ ಬಸಿಯ ನೀರಿಗೆ ಕೊಡವಬೇಕು, ಯಾವ ಹುಳ, ಯಾವ ನೊಣ, ಯಾವ ಬಣ್ಣ ಅಂತ ಕಣ್ಣಿಟ್ಟು ನೋಡಬೇಕು. ಮುಂದಿನ ಶನಿವಾರಕ್ಕೆ ಅದರ ಹಾಗೇ ಕಾಣುವ ಗರಿ ಕಟ್ಟಿಕೊಳ್ಳಬೇಕು. ಹಕ್ಕಿಯ ಪುಕ್ಕಕ್ಕೂ, ಅದನ್ನು ಕೊಕ್ಕೆಗೆ ಸುತ್ತಿ ಮಾಡುವ ಸುಳ್ಳುನೊಣಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು, ಗರಿ. ವಾರವಿಡೀ ಗಣಿಯಲ್ಲಿ ಧೂಳು ಕುಡಿದ ನಮ್ಮ ಅಪ್ಪ ಅಜ್ಜಂದಿರು ಶನಿವಾರ ಮಧ್ಯಾಹ್ನ ಬೆಟ್ಟ ಹತ್ತಿ ಗಾಳ ಬೀಸಿ ಒಂದಿಷ್ಟು ಉಸಿರಾಡಿ ಬರುತ್ತಿದ್ದರು. ಭಾನುವಾರ ಚಾಪೆಲ್ಲು, ಅಂದರೆ ನಮ್ಮ ಪ್ರಾರ್ಥನಾಮಂದಿರ; ಅವತ್ತು ಯಾವ ಕೆಲಸವೂ ಕೂಡದು ಅಂತ ದೇವರ ಆಜ್ಞೆ. ಭಾನುವಾರ ಗಾಳದ ಕೋಲು ಮುಟ್ಟಿದವನ ಹೆಸರನ್ನು ಊರು ಅವನ ಮೊಮ್ಮಕ್ಕಳ ಕಾಲದವರೆಗೂ ಎತ್ತಿ ಆಡುತ್ತಿತ್ತು.

‘ಏನು ತಿಂದಿತ್ತು?’ ಅನ್ನುವ ಪ್ರಶ್ನೆಯಿಂದ ಮೈರಿಗ್ ಈಗ ಹದಿನಾಲ್ಕು ತಿಂಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ. ಅರವತ್ತಮೂರು ವರ್ಷದ ಗಟ್ಟಿ ಆಳು, ಬೆಟ್ಟ ಹತ್ತಿದರೆ ಇವತ್ತಿಗೂ ಏದುಸಿರು ಬಿಡದವನು, ಆ ಎರಡು ಮಾತಿಗೆ ಹೆದರಿ ಅಂಚೆ ಕಚೇರಿಯ ಹಿಂದಿನ ಸಂದಿಯಲ್ಲಿ ಮನೆ ಸೇರಿಕೊಳ್ಳುತ್ತಿದ್ದ.

ಜೂನ್ ತಿಂಗಳ ಆ ಶನಿವಾರವೂ ಅವನು ಲಿನ್ ಹವೋದ್ ಕೆರೆಯ ದೊಡ್ಡ ಬಂಡೆಯ ಮೇಲೆ ನಿಂತಿದ್ದ. ಗಾಳ ಹೊತ್ತು ಬೆಟ್ಟ ಹತ್ತುವವನು ಊರಲ್ಲಿ ಈಗ ಅವನೊಬ್ಬನೇ ಉಳಿದಿದ್ದ. ಗಾಳಿ ಹದವಾಗಿತ್ತು, ಮೋಡ ಹದವಾಗಿತ್ತು, ನೀರಿನ ಮೇಲೆ ಸಣ್ಣ ಸುಕ್ಕು. ಇಂಥ ದಿನ ಹಿಂದೆಲ್ಲ ಗರಿ ನೀರು ಮುಟ್ಟುವ ಮುಂಚೆ ಮೀನು ಬಾಯಿ ತೆರೆದಿರುತ್ತಿತ್ತು. ಅವನು ಬೀಸಿದ. ದಾರ ಹಿಂದಕ್ಕೆ ಹೋಗಿ ನೆಟ್ಟಗಾಗಿ ಮುಂದಕ್ಕೆ ಬಂತು, ಗರಿ ಮೆಲ್ಲಗೆ ಕೂತಿತು, ತೇಲಿತು, ಅಷ್ಟೆ. ಮತ್ತೆ ಬೀಸಿದ. ನೀರು ಎಷ್ಟು ತಿಳಿಯಾಗಿತ್ತೆಂದರೆ ಎರಡಾಳು ಆಳದ ಕಲ್ಲನ್ನೂ ಎಣಿಸಬಹುದಿತ್ತು. ಊರಿಗೆ ಬಂದವರೆಲ್ಲ ಈ ಕೆರೆ ನೋಡಿ ‘ಆಹಾ, ಏನು ನೀರು ಸ್ವಾಮಿ!’ ಅಂತ ಫೋಟೋ ತೆಗೆಯುತ್ತಿದ್ದರು. ಹಾಳು ನೀರು! ಪಾಚಿಯಿಲ್ಲ, ಬಸವನಹುಳವಿಲ್ಲ, ಕಪ್ಪೆಯ ಮೊಟ್ಟೆ ಜೊಂಡುಹುಲ್ಲಿನ ಬುಡದಲ್ಲಿ ಬೆಳ್ಳಗೆ ಕೊಳೆತು ಬಿದ್ದಿತ್ತು. ತಿಳಿಯಾಗದೆ ಇನ್ನೇನಾದೀತು, ಒಳಗೆ ಜೀವ ಅಂತ ಒಂದೂ ಇರಲಿಲ್ಲವಲ್ಲ.

ನಾವೂ ಸರಿಯಾದ ಮುಠ್ಠಾಳರೇ. ಐದಾರು ವರ್ಷದ ಹಿಂದೆ ಮೀನು ದೊಡ್ಡದಾಗುತ್ತ ಬಂದಾಗ ಊರೇ ಕುಣಿದಿತ್ತು. ಅಂಗೈಯಷ್ಟಿದ್ದ ಮೀನು ಮೊಳದುದ್ದ ಬರತೊಡಗಿದರೆ ಯಾರಿಗೆ ಖುಷಿಯಾಗುವುದಿಲ್ಲ? ತೂಕ ಹಾಕಿದರು, ಬೆನ್ನು ತಟ್ಟಿಕೊಂಡರು. ಮರಿಗಳೇ ಕಾಣುತ್ತಿಲ್ಲವಲ್ಲ, ಇರುವವೇ ನಾಲ್ಕು ಮುದಿ ಮೀನು ಕೆರೆಯನ್ನೆಲ್ಲ ತಿಂದುಕೊಂಡು ಕೊಬ್ಬಿವೆಯಲ್ಲ ಅಂತ ಒಬ್ಬನಿಗೂ ಹೊಳೆಯಲಿಲ್ಲ. ಮೈರಿಗ್‌ಗೂ ಹೊಳೆಯಲಿಲ್ಲ. ಹೋದ ವರ್ಷ ಏಪ್ರಿಲಿನಲ್ಲಿ ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡದು, ಮತ್ತೆ ಅದೇ ಕೊನೆಯದು.

ಕೆರೆಯ ಮೂರು ದಿಕ್ಕಿಗೂ ಸೂಜಿಮರದ ಕಾಡು ಒತ್ತೊತ್ತಾಗಿ ಕಪ್ಪಗೆ ನಿಂತಿತ್ತು. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಬರೀ ಹುಲ್ಲು. ಗಣಿ ಮುಚ್ಚಿದಾಗ ಮೈರಿಗ್‌ಗೆ ನಲವತ್ತೆರಡು. ಕಲ್ಲು ಬಿಟ್ಟು ಬೇರೆ ಗೊತ್ತಿಲ್ಲದ ಗಂಡಸರಿಗೆ ಸರ್ಕಾರದವರು ಗುದ್ದಲಿ ಕೊಟ್ಟು ಗಿಡ ನೆಡಿ ಅಂದರು. ನೆಟ್ಟ. ಬೆನ್ನಿಗೆ ಸಸಿಯ ಚೀಲ, ಒಂದು ಹೆಜ್ಜೆ, ಒಂದು ಗುದ್ದು, ಒಂದು ಸಸಿ, ಕಾಲಲ್ಲಿ ಒಂದು ಒತ್ತು. ಮೂರು ಚಳಿಗಾಲ ಅದನ್ನೇ ಮಾಡಿದ. ಮೊನ್ನೆ ಮಾರ್ಚಿನಲ್ಲಿ ಬಾಟಲಿಗಳ ಪೆಟ್ಟಿಗೆ ಹೊತ್ತು ಬಂದ ಒಬ್ಬಳು ಹುಡುಗಿ, ನೀರು ಪರೀಕ್ಷೆ ಮಾಡುವವಳು, ಬಂಡೆಯ ಮೇಲೆ ಅವನ ಪಕ್ಕ ಕೂತು ಬ್ರೆಡ್ಡು ತಿನ್ನುತ್ತ ಎಲ್ಲ ಬಿಡಿಸಿ ಹೇಳಿದ್ದಳು. ಕಾರ್ಖಾನೆಗಳ ಹೊಗೆ ಮೋಡ ಸೇರುತ್ತದೆ, ಈ ಮರಗಳ ಸೂಜಿಗಳು ಆ ಮೋಡದ ಹುಳಿಯನ್ನೆಲ್ಲ ಬಾಚಿ ಕೆಳಗಿಳಿಸುತ್ತವೆ, ಅದೆಲ್ಲ ಕೆರೆಗೆ ಬರುತ್ತದೆ.

“ಮರ ಇಲ್ದಿದ್ರೆ ಇನ್ನೂ ಸ್ವಲ್ಪ ಕಾಲ ತಡ್ಕೋತಿತ್ತು ಈ ಕೆರೆ,” ಅಂದಿದ್ದಳು. “ಯಾರು ನೆಟ್ಟರೋ ಏನೋ, ಇಷ್ಟು ಹತ್ತಿರ ನೆಡಬಾರ್ದಿತ್ತು.”

“ಹೂಂ,” ಅಂದಿದ್ದ ಮೈರಿಗ್.

ಅವತ್ತಿನಿಂದ ಅವನ ಎದೆಯ ಮೇಲೆ ಒಂದು ಕಲ್ಲು ಕೂತಿತ್ತು. ಊರಿನ ಚಿಂತೆ ಅವನಿಗೆ ಅಷ್ಟಿರಲಿಲ್ಲ. ಚಿಂತೆಯೆಲ್ಲ ಭಾವನದು.

ಭಾವ ಅಂದರೆ ಇಡ್ವಲ್, ಅಕ್ಕ ಎಲಿನೆಡ್‌ಳ ಗಂಡ. ಊರಿಗೆಲ್ಲ ಗರಿ ಇಡ್ವಲ್. ಗಣಿಯಲ್ಲಿ ಕಲ್ಲು ಸೀಳುವವನಾಗಿದ್ದ, ಹೆಬ್ಬೆರಳು ದಪ್ಪದ ಹಲಗೆಗಲ್ಲನ್ನು ಉಳಿಯಲ್ಲಿ ತಟ್ಟಿ ಎಂಟು ಹಾಳೆ ಮಾಡುತ್ತಿದ್ದ ಕೈ ಅದು. ಅದೇ ಕೈ ಸಂಜೆ ಹುಂಜದ ಕತ್ತಿನ ಪುಕ್ಕ, ನವಿಲುಗರಿಯ ಎಳೆ, ಮೇಣ ಸವರಿದ ರೇಷ್ಮೆ ದಾರ ಹಿಡಿದು ಗರಿ ಕಟ್ಟಲು ಕೂತರೆ ನೊಣವೇ ಬಂದು ತಬ್ಬಿಬ್ಬಾಗಬೇಕು. ಮೈರಿಗ್‌ಗೆ ಹನ್ನೊಂದು ವರ್ಷದಲ್ಲಿ ಮೊದಲ ಗಾಳ ಕಟ್ಟಿಕೊಟ್ಟವನು, ಬೀಸುವುದು ಕಲಿಸಿದವನು, ತಪ್ಪಿದರೆ ಟೋಪಿಯಿಂದ ತಲೆಗೆ ಹೊಡೆದವನು ಅವನೇ. ಸೀಳಿದ ಕಲ್ಲಿನ ಧೂಳೆಲ್ಲ ಈಗ ಅವನ ಶ್ವಾಸಕೋಶದಲ್ಲಿ ಕೂತಿತ್ತು. ಎರಡು ವರ್ಷದಿಂದ ಮಲಗುವ ಕೋಣೆ ಬಿಟ್ಟು ಇಳಿದಿರಲಿಲ್ಲ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು. ಅವನ ಜೀವ ನಿಂತಿದ್ದು ಒಂದು ವಿಷಯಕ್ಕೆ: ಶನಿವಾರ ಸಂಜೆ ಮೈರಿಗ್ ಕೆರೆಯಿಂದ ಬರುತ್ತಾನೆ, ಮೀನು ಏನು ತಿಂದಿತ್ತು ಅಂತ ತೋರಿಸುತ್ತಾನೆ, ತಾನು ವಾರವೆಲ್ಲ ಕೂತು ಅದಕ್ಕೆ ಗರಿ ಕಟ್ಟಬೇಕು. ಕೆರೆ ಸತ್ತಿದೆ ಅಂತ ಈ ಮನುಷ್ಯನಿಗೆ ಹೇಗೆ ಹೇಳುವುದು? ಕೊಂದವರಲ್ಲಿ ನಾನೂ ಒಬ್ಬ ಭಾವ, ಅಂತ ಯಾವ ಬಾಯಲ್ಲಿ ಹೇಳುವುದು?

ಹಾಗಾಗಿ, ಮೀನು ಸಿಗುವುದು ನಿಂತಾಗ ಶುರುವಾದ ಸುಳ್ಳು ಹದಿನಾಲ್ಕು ತಿಂಗಳಾದರೂ ನಡೆದೇ ಇತ್ತು. ದಂಡೆಯ ಹುಲ್ಲಲ್ಲಿ, ಹೀದರ್ ಪೊದೆಯಲ್ಲಿ ಸಿಕ್ಕ ಹುಳವನ್ನೋ ನೊಣವನ್ನೋ ಹಿಡಿದು ಬೆಂಕಿಪೊಟ್ಟಣಕ್ಕೆ ಹಾಕಿಕೊಂಡು, ಅದನ್ನೇ ಮೀನಿನ ಹೊಟ್ಟೆಯದು ಅಂತ ಭಾವನ ಬಸಿಗೆ ಸುರಿಯುವುದು. ಮೀನೆಲ್ಲಿ ಅಂದರೆ ಪಾದ್ರಿಗೆ ಕೊಟ್ಟೆ, ನೆರೆಯ ಬಾಣಂತಿಗೆ ಕೊಟ್ಟೆ. ಇಲ್ಲದ ಮೀನನ್ನು ಇಷ್ಟು ಧಾರಾಳವಾಗಿ ಹಂಚಿದ ದಾನಿ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಆ ಶನಿವಾರವೂ ನಾಲ್ಕು ಕೆಂಗಂದು ಬಣ್ಣದ ಜೀರುಂಡೆ ಹಿಡಿದು ತಂದ. ಜೂನಿನಲ್ಲಿ ಜರೀಗಿಡದ ತುಂಬ ಏಳುವ ಹುಳ, ಟ್ರೌಟ್ ಮೀನಿಗೆ ಪ್ರಾಣ.

ಇಡ್ವಲ್ ದಿಂಬಿಗೆ ಒರಗಿ ಕೂತಿದ್ದ. ಕೆನ್ನೆಯ ಮೂಳೆ ಎದ್ದು ಮುಖವೇ ಬದಲಾಗಿತ್ತು, ಕಣ್ಣು ಮಾತ್ರ ಹಳೇ ಇಡ್ವಲ್‌ನವೇ.

“ಏನ್ ತಿಂದಿತ್ತೋ?”

“ಕೆಂಪು ಜೀರುಂಡೆ ಭಾವ. ಹೊಟ್ಟೆ ತುಂಬ.”

ಬಸಿಯಲ್ಲಿ ತೇಲಿದ ಹುಳಗಳನ್ನು ಇಡ್ವಲ್ ಭೂತಗನ್ನಡಿ ಹಿಡಿದು ನೋಡಿದ. ನೋಡುತ್ತಲೇ ಇದ್ದ.

“ಮೀನು?”

“ಟೆಗಿಡ್ ಸಿಕ್ಕಿದ, ಕೊಟ್ಬಿಟ್ಟೆ.” ಟೆಗಿಡ್ ಅಂದರೆ ಚಾಪೆಲ್ಲಿನ ಹಿರಿಯ, ಎಂಬತ್ತರ ಮುದುಕ.

“ಹಲ್ಲಿಲ್ಲದ ಮುದುಕನಿಗೆ ಮುಳ್ಳಿರೋ ಮೀನು ಕೊಡ್ತೀಯಾ? ಸಾಯಿಸ್ಬೇಕು ಅಂತಿದೀಯೇನೋ ಅವನ್ನ!” ನಗಲು ಹೋಗಿ ಕೆಮ್ಮು ಹತ್ತಿತು. ಎಲಿನೆಡ್ ಬಂದು ಬೆನ್ನು ನೀವಿ, ಮುಖಕ್ಕೆ ಆಮ್ಲಜನಕದ ಬಟ್ಟಲು ಇಟ್ಟು ಹೋದಳು. ತುಂಬ ಹೊತ್ತಾದ ಮೇಲೆ ಬಟ್ಟಲು ಸರಿಸಿ ಇಡ್ವಲ್ ಹೇಳಿದ, “ಮೈರಿಗ್, ಬರೋ ಶನಿವಾರ ನಂಗೊಂದು ಮೀನು ತಾ. ಇಡೀ ಮೀನು. ನನ್ನ ಕೈಯಾರೆ ಕೊಯ್ದು ನೋಡ್ಬೇಕು.”

“ಈ ಗಾಳಿಗೆ ಸಿಗೋದು ಕಷ್ಟ ಭಾವ...”

“ಸಿಕ್ರೆ ತಾ. ಸಿಗ್ಲಿಲ್ಲ ಅಂದ್ರೆ ಬಂದು ಸಿಗ್ಲಿಲ್ಲ ಅನ್ನು. ಅಷ್ಟೇ ತಾನೆ?” ಕಣ್ಣು ಕೀಲಿಸಿ ಅವನನ್ನೇ ನೋಡುತ್ತಿದ್ದ. “ಡಾಕ್ಟ್ರು ಬೇಸಿಗೆ ದಾಟಲ್ಲ ಅಂದಿದಾರೆ. ಮುಂದಕ್ಕೆ ಹಾಕೋಕೆ ಟೈಮಿಲ್ಲ ನಂಗೆ.”

ಮೆಟ್ಟಿಲಿಳಿದು ಹೊರಟವನನ್ನು ಎಲಿನೆಡ್ ಬಾಗಿಲಲ್ಲಿ ತಡೆದಳು. ಅವನ ಹೆಗಲ ಚೀಲ ಎತ್ತಿ ಮೂಸಿದಳು.

“ನಿನ್ನ ಚೀಲ ಈಗೀಗ ಮೀನು ವಾಸನೆಯೇ ಹೊಡೆಯಲ್ಲ ಕಣೋ.”

“ಒಗೆದಿದ್ದೆ ಅಕ್ಕ.”

“ಹೆಂಡ್ತಿ ಸತ್ತು ಒಂಬತ್ತು ವರ್ಷದಲ್ಲಿ ಒಂದು ಕಾಲುಚೀಲ ಒಗೀದವನು ಮೀನಿನ ಚೀಲ ಒಗೆದ್ನಂತೆ!” ಅಂದಳು. ಆಮೇಲೆ ದನಿ ತಗ್ಗಿಸಿ, “ಸಿಗದೆ ಹೋದ್ರೆ ಸಿಗ್ಲಿಲ್ಲ ಅಂತ ಹೇಳು ಮೈರಿಗ್. ಅವರೇನು ನಿನ್ನ ಬೈಯಲ್ಲ.”

ಪಾಪ, ಇವಳಿಗೇನು ಗೊತ್ತು, ಅಂದುಕೊಂಡ ಅವನು. ಮನೆಗೆ ಹೋಗಿ ಒಲೆ ಕೂಡ ಹಚ್ಚದೆ ಕುರ್ಚಿಯಲ್ಲಿ ಕೂತ. ಸಾಯುವ ಮನುಷ್ಯ ಬಾಯಿಬಿಟ್ಟು ಕೇಳಿದ್ದಾನೆ. ಸಿಗಲಿಲ್ಲ ಅಂದರೆ ಯಾಕೆ ಅಂತ ಕೇಳುತ್ತಾನೆ, ಯಾಕೆ ಅಂದರೆ ಮರ ಅನ್ನಬೇಕಾಗುತ್ತದೆ, ಮರ ಅಂದರೆ ನಾನು ಅನ್ನಬೇಕಾಗುತ್ತದೆ. ಆಗಲ್ಲ. ಪ್ರಾಣ ಹೋದರೂ ಆಗಲ್ಲ. ಹೀಗೆ ಮೂರು ದಿನ ಒದ್ದಾಡಿದ. ಬುಧವಾರ ಮತ್ತು ಗುರುವಾರ, ಯಾವತ್ತೂ ಇಲ್ಲದ ಹಾಗೆ, ಕೆರೆಗೆ ಹೋಗಿ ಬೆಳಗಿನಿಂದ ತೋಳು ಬಿದ್ದುಹೋಗುವ ತನಕ ಬೀಸಿದ. “ಒಂದೇ ಒಂದು. ಅಂಗೈಯಷ್ಟಾದ್ರೂ ಸಾಕು ದೇವರೇ,” ಅಂತ ಗಟ್ಟಿಯಾಗಿ ಬೇಡಿಕೊಂಡ. ಒಂದು ಸಲ ನೀರು ಅಲುಗಿದಂತಾಗಿ ಕೋಲು ಎತ್ತಿ ಎಳೆದ. ನೋಡಿದರೆ ಮೇಲಿನ ಕಾಡಿನಿಂದ ಬಿದ್ದ ಸೂಜಿಮರದ ಒಂದು ಕಾಯಿ.

ಶುಕ್ರವಾರ ಬಸ್ಸು ಹತ್ತಿ ಕೆಳಗೆ ಸಮುದ್ರದ ಕಡೆಯ ಮೀನು ಸಾಕುವವನ ಹತ್ತಿರ ಹೋದ. ಸಿಮೆಂಟಿನ ತೊಟ್ಟಿಯಲ್ಲಿ ಸಾವಿರಾರು ಮೀನು ಒಂದರ ಮೇಲೊಂದು ಬಿದ್ದು ಹೊರಳುತ್ತಿದ್ದವು. ಸಾಕುವವನು ಪಕ್ಕದ ತೊಟ್ಟಿಗೆ ಬೊಗಸೆ ಕಂದು ಕಾಳು ಎರಚಿದರೆ ನೀರೇ ಕುದಿಯುತ್ತಿತ್ತು. ಮೈರಿಗ್ ಬದುಕಿನಲ್ಲಿ ಅಷ್ಟು ಮೀನನ್ನು ಒಟ್ಟಿಗೆ ನೋಡಿರಲಿಲ್ಲ, ನೋಡಿ ಅಸಹ್ಯವಾಯಿತು. ಆದರೂ ಕಳ್ಳನಿಗೆ ಇರಬೇಕಾದ ಎಚ್ಚರವೆಲ್ಲ ಅವನಿಗಿತ್ತು. ಬೆಳ್ಳಗಿನದು ಬೇಡ, ಬೆಟ್ಟದ ಕೆರೆಯದರ ಹಾಗೆ ಕಂದಗಿರಬೇಕು, ಕೆಂಪು ಚುಕ್ಕೆ ಇರಬೇಕು, ಸಿಮೆಂಟಿಗೆ ಉಜ್ಜಿ ಸವೆದ ರೆಕ್ಕೆಬಾಲ ಆಗದು.

“ಏನ್ ತಾತ, ಮೀನು ಕೊಳ್ತೀಯೋ ಮಗಳಿಗೆ ಗಂಡು ನೋಡ್ತೀಯೋ?” ಅಂತ ಸಾಕುವವನು ರೇಗಿಸಿದ.

“ಹೊಟ್ಟೆಯಲ್ಲಿ ಏನಿರುತ್ತೆ?”

“ಬೆಳಗ್ಗೆಯಿಂದ ಈ ತೊಟ್ಟಿಗೆ ಕಾಳು ಹಾಕಿಲ್ಲ. ಖಾಲಿ, ಖಾಲಿ.”

ಶನಿವಾರ ಆ ಮೀನನ್ನು ಹೊತ್ತುಕೊಂಡೇ ಬೆಟ್ಟ ಹತ್ತಿದ. ದಂಡೆಯಲ್ಲಿ ಕೂತು ಅದರ ದವಡೆಗೆ ಇಡ್ವಲ್ ಕಟ್ಟಿದ ಗರಿಯ ಕೊಕ್ಕೆ ಚುಚ್ಚಿ ಎಳೆದು ಗಾಯ ಮಾಡಿದ. ತೊಟ್ಟಿಯ ವಾಸನೆ ಹೋಗಲಿ ಅಂತ ಕೆರೆಯ ನೀರಲ್ಲಿ ತೊಳೆದು ಪಾಚಿಯ ಬದಲು ಜರೀಗಿಡ ತಿಕ್ಕಿದ. ಆಮೇಲೆ ಏಳು ಜೀರುಂಡೆ ಹಿಡಿದು, ಮೀನಿನ ಬಾಯಿ ಅಗಲಿಸಿ, ಸಣ್ಣ ಕಡ್ಡಿಯಲ್ಲಿ ಒಂದೊಂದಾಗಿ ಗಂಟಲೊಳಗೆ ತಳ್ಳಿದ. ಹುಚ್ಚರೂ ಮಾಡದ ಕೆಲಸ ಮಾಡ್ತಿದೀನಿ ಅನ್ನಿಸಿ ಅಳು ಬಂತು. ಅತ್ತ. ಅತ್ತು, ಮೂಗೊರೆಸಿಕೊಂಡು, ಏಳನೆಯದನ್ನೂ ತಳ್ಳಿದ.

ಮೀನು ನೋಡಿ ಇಡ್ವಲ್ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡ.

“ತಂದ್ಯಾ,” ಅಂದ. “ಎಲ್ಲಿ ಸಿಕ್ತು?”

“ದೊಡ್ಡ ಬಂಡೆ ಹತ್ರ. ಗಾಳಿ ಪಶ್ಚಿಮದಿಂದ ಏಳ್ತು ನೋಡು, ಆಗ.”

“ಯಾವ ಗರಿಗೆ?”

“ನಿನ್ನ ಕೆಂಪು ಗರಿಗೇ ಭಾವ. ಮೊದಲನೇ ಬೀಸಿಗೆ.”

ಎಲಿನೆಡ್ ಹಳೇ ಪತ್ರಿಕೆ ಹಾಸಿ ಚಾಕು ಕೊಟ್ಟಳು. ಉಗುರು ನೀಲಿಗಟ್ಟಿದ ಆ ಕೈ ಚಾಕು ಹಿಡಿದದ್ದೇ ತಡ, ನಡುಕ ನಿಂತುಹೋಯಿತು. ಒಂದೇ ಗೀಟು. ಹೊಟ್ಟೆಯ ಚೀಲ ಬಿಡಿಸಿ ಬಸಿಯ ನೀರಿಗೆ ಅದ್ದಿ ಸೀಳಿದ. ಜೀರುಂಡೆಗಳು ಹೊರಬಂದವು, ಗಂಟಲ ಬುಡದಲ್ಲಿ ಸಾಲಾಗಿ, ಒಂದರ ಕಾಲೂ ಮುರಿಯದೆ, ಈಗಷ್ಟೇ ಗಿಡ ಬಿಟ್ಟು ಬಂದ ಹಾಗೆ ಮಿರಮಿರ. ಅವುಗಳ ಕೆಳಗಿನಿಂದ ನೆನೆದು ಉಬ್ಬಿದ ಕಂದು ಕಾಳು ಉರುಳಿತು. ಒಂದು, ಎರಡು, ಆಮೇಲೆ ಒಂದು ಮುದ್ದೆಯೇ. ಬಸಿಯ ನೀರಿನ ಮೇಲೆ ಎಣ್ಣೆಯ ಪಸೆ ಹರಡಿತು. ಕೋಳಿ ಮೇವಿನ ವಾಸನೆ ಕೋಣೆ ತುಂಬಿತು.

ಮೈರಿಗ್ ಮನಸ್ಸಿನಲ್ಲೇ ಬೇಡಿಕೊಂಡ. ಮಣ್ಣು ಅಂದುಕೊಳ್ಳಲಿ, ದೇವರೇ, ಕೆಸರು ಅಂದುಕೊಳ್ಳಲಿ, ಕಣ್ಣು ಮಂದವಾಗಿದೆ ಅವನಿಗೆ.

ಇಡ್ವಲ್ ಭೂತಗನ್ನಡಿ ಹಿಡಿದ. ಒಂದು ಕಾಳನ್ನು ಸೂಜಿಯ ತುದಿಯಲ್ಲಿ ಹೊರಳಿಸಿ ನೋಡಿದ, ಬೆರಳಲ್ಲಿ ಹಿಸುಕಿದ, ಮೂಸಿದ. ಸಿಲಿಂಡರು ಬುಸುಬುಸು ಅನ್ನುತ್ತಿತ್ತು. ಎಲಿನೆಡ್ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದಳು.

“ಏಳು ಜೀರುಂಡೆ,” ಅಂದ ಇಡ್ವಲ್ ಕೊನೆಗೆ. “ಚೆನ್ನಾಗೇ ತಿಂದಿದೆ.”

“ಹೂಂ ಭಾವ.”

“ಮೈರಿಗ್.” ಭೂತಗನ್ನಡಿ ಕೆಳಗಿಟ್ಟ. “ನಂಗೆ ಹೇಳೋದು ಏನಾದ್ರೂ ಇದೆಯೇನೋ?”

ಇತ್ತು. ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದ ಕೂಡ. ಆದರೆ ಆ ನೀಲಿ ಉಗುರು, ಆ ಮೂಳೆ ಎದ್ದ ಎದೆ, ಗೋಡೆಯ ಮೇಲೆ ಸಾಲಾಗಿ ತೂಗಿದ ಹುಂಜದ ಪುಕ್ಕಗಳು ಕಂಡವು.

“ಏನಿದೆ ಹೇಳೋಕೆ? ನೀರು ತಣ್ಣಗಿದೆ ಇನ್ನೂ. ಮುಂದಿನ ವಾರ ಇನ್ನೂ ಚೆನ್ನಾಗಿ ಏಳ್ತವೆ.”

“ಸರಿ ಹಾಗಾದ್ರೆ,” ಅಂದ ಇಡ್ವಲ್. ಅಂದು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡ. ಎಲಿನೆಡ್ ಮೀನನ್ನು ಓಟ್ಸಿನ ಹಿಟ್ಟಿನಲ್ಲಿ ಹೊರಳಿಸಿ ಹಂದಿಯ ಕೊಬ್ಬಿನಲ್ಲಿ ಕರಿದು ತಂದಳು. ಎರಡು ತುತ್ತು ತಿಂದು ಚೆನ್ನಾಗಿದೆ ಅಂದ.

ಗೆದ್ದೆ ಅಂದುಕೊಂಡು ಮನೆಗೆ ಹೋದ ನಮ್ಮ ಮೈರಿಗ್. ನಂಬಿಬಿಟ್ಟ, ಬದುಕಿದೆ, ಅಂತ ಅವತ್ತು ಹೊಟ್ಟೆ ತುಂಬ ಉಂಡ ಕೂಡ. ಬುಧವಾರ ಬೆಳಗ್ಗೆ ಎಲಿನೆಡ್ ಹೇಳಿಕಳಿಸಿದಳು. ಅವನು ಓಡಿ ಹೋಗುವಷ್ಟರಲ್ಲಿ ಸಿಲಿಂಡರಿನ ಸದ್ದು ನಿಂತಿತ್ತು.

ಶುಕ್ರವಾರ ಮಣ್ಣಾಯಿತು. ಬಂದವರೆಲ್ಲ ಟೀ ಕುಡಿದು ಹೋದ ಮೇಲೆ ಎಲಿನೆಡ್ ತಂಬಾಕಿನ ಒಂದು ತಗಡಿನ ಡಬ್ಬಿ ತಂದು ಅವನ ಮುಂದಿಟ್ಟಳು.

“ನಿಂಗೆ ಕೊಡು ಅಂದ್ರು. ಭಾನುವಾರ ಚಾಪೆಲ್ಲಿಂದ ನಾನು ಬರೋ ಹೊತ್ತಿಗೆ ಶುರು ಮಾಡಿದ್ರು. ಜೀವಮಾನದಲ್ಲಿ ಮೊದಲನೇ ಸಲ ಭಾನುವಾರ ಗರಿ ಕಟ್ಟಿದ್ದು. ಮಂಗಳವಾರ ಸಂಜೆಗೆ ಮುಗೀತು. ಒಂದೊಂದು ಸುತ್ತಿಗೂ ಮಲಗಿ ಏಳೋರು.”

ಮೈರಿಗ್ ಮುಚ್ಚಳ ತೆಗೆದ. ಒಳಗೆ ಒಂದೇ ಗರಿ. ಅದಕ್ಕೆ ಗರಿ ಅನ್ನುವುದೂ ಕಷ್ಟ, ಪುಕ್ಕವೇ ಇರಲಿಲ್ಲ. ರೆಕ್ಕೆಯಿಲ್ಲ, ಕಾಲಿಲ್ಲ. ಕೊಕ್ಕೆಗೆ ಕಂದು ಉಣ್ಣೆಯನ್ನು ಗುಂಡಗೆ, ಬಿಗಿಯಾಗಿ ಸುತ್ತಿ, ಕತ್ತರಿಸಿ ನುಣುಪು ಮಾಡಿತ್ತು. ಕಾಳು. ತೊಟ್ಟಿಯ ಮೀನಿಗೆ ಎರಚುವ ಕಾಳು. ತುದಿಯ ಗಂಟು ಮಾತ್ರ ಇಡ್ವಲ್‌ನದೇ, ಅಷ್ಟು ಸಣ್ಣ ಗಂಟು ಊರಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ.

“ನನ್ನ ಕಾಲುಚೀಲ ಬಿಚ್ಚಿದ ಉಣ್ಣೆ,” ಅಂದಳು ಎಲಿನೆಡ್. “‘ಈಗಿನ ಮೀನು ಇದನ್ನೇ ತಿನ್ನೋದು ಅಂತ ಹೇಳು ಅವನಿಗೆ,’ ಅಂದ್ರು.”

“ಗೊತ್ತಾಯ್ತಾ ಅವನಿಗೆ?” ಮೈರಿಗ್ ಡಬ್ಬಿಯಿಂದ ತಲೆಯೆತ್ತಿದ. “ಬಸಿ ನೋಡಿ ಗೊತ್ತಾಯ್ತಾ?”

“ಬಸಿ ಯಾಕೆ ಬೇಕು! ಹೋದ ವರ್ಷ ನೀನು ತಂದ ಮೊದಲನೇ ಬೆಂಕಿಪೊಟ್ಟಣದಲ್ಲೇ ಗೊತ್ತಾಗಿತ್ತು. ನೀನು ಆ ಕಡೆ ಹೋಗ್ತಿದ್ದ ಹಾಗೇ ಒಂದು ಹುಳ ಎದ್ದು ಬಸಿ ದಾಟಿ ಮೇಜಿನ ಮೇಲೆ ನಡ್ಕೊಂಡು ಹೋಯ್ತು. ‘ಮೀನಿನ ಹೊಟ್ಟೆಯಿಂದ ಜೀವಂತ ಎದ್ದು ಬರೋಕೆ ಇದೇನು ಬೈಬಲ್ಲಿನ ಯೋನನೇನೇ?’ ಅಂತ ನಕ್ಕಿದ್ರು. ನಕ್ಕು ನಕ್ಕು ಆಮೇಲೆ ಅತ್ರು.”

“ಮತ್ತೆ ಗರಿ ಕಟ್ತಾನೇ ಇದ್ನಲ್ಲ, ವಾರ ವಾರ...”

“ನೀನು ತಂದ ಹುಳಕ್ಕೆ ಕಟ್ಟಿದ್ರು. ಇನ್ನೇನ್ ಮಾಡ್ತಾರೆ?” ಮುಸುರೆ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. “ಬಾಟಲಿ ಹುಡುಗಿ ಇಲ್ಲಿಗೂ ಬಂದಿದ್ಲು ಕಣೋ, ಹಿಂದೆ ಕೆರೇಲಿ ಏನೇನಿತ್ತು ಅಂತ ಹಳಬರನ್ನ ಕೇಳೋಕೆ. ಮರದ ವಿಷಯನೂ ಹೇಳಿದ್ಲು. ‘ನಮ್ಮ ಮೈರಿಗ್ ಇದನ್ನ ಒಬ್ನೇ ಹೊತ್ಕೊಂಡು ತಿರುಗ್ತಿದಾನೆ,’ ಅಂದ್ರು ಅವತ್ತು. ನಾನೇ ಕೇಳ್ಬಿಡ್ಲಾ ಅಂದೆ. ‘ಬೇಡ, ಕೆದಕಿದ್ರೆ ಕುಸಿದು ಹೋಗ್ತಾನೆ, ಅವನಾಗೇ ಬಾಯಿ ಬಿಡ್ಲಿ,’ ಅಂದ್ರು. ಅದಕ್ಕೇ ಇಡೀ ಮೀನು ತಾ ಅಂದಿದ್ದು. ‘ಇಲ್ಲದ್ದನ್ನ ಎಲ್ಲಿಂದ ತರ್ತಾನೆ, ಈ ಶನಿವಾರ ಹೇಳೇ ಹೇಳ್ತಾನೆ ನೋಡು,’ ಅಂತ ವಾರವೆಲ್ಲ ಕಾದ್ರು.” ಬಟ್ಟೆ ಮಡಚಿಟ್ಟು ಹೇಳಿದಳು, “ನೀನು ಮೀನು ತಂದ್ಬಿಟ್ಟೆ.”

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೈರಿಗ್ ಡಬ್ಬಿ ಹಿಡಿದು ಕೂತೇ ಇದ್ದ. ಭಾವ ನೊಂದುಕೊಳ್ಳಬಾರದು ಅಂತ ಮಾಡಿದ್ದು ಇದೆಲ್ಲ. ಅವನೋ, ಕೆರೆ ಸತ್ತದ್ದನ್ನು ತಿಳಿದೂ, ಹೇಳಿಕೊಳ್ಳಲು ಜನವಿಲ್ಲದೆ ಆ ಹಾಸಿಗೆಯಲ್ಲಿ ಹದಿನಾಲ್ಕು ತಿಂಗಳು ಒಬ್ಬನೇ ಮಲಗಿದ್ದ. ನಿಜ ಹೇಳಿದ್ದರೆ ಇಬ್ಬರೂ ಕೂತು ಅಳಬಹುದಿತ್ತು. ಬೈದಾಡಬಹುದಿತ್ತು. ಟೋಪಿ ತೆಗೆದು ತಲೆಗೊಂದು ಬಾರಿಸುತ್ತಿದ್ದ ಭಾವ, ಅಷ್ಟರಲ್ಲಿ ಮುಗಿಯುತ್ತಿತ್ತು. ನಾಲ್ಕು ಮಾತಿನ ಕೆಲಸ. ಅದನ್ನು ಮಾಡಲಾಗದೆ ಸತ್ತ ಮೀನಿನ ಗಂಟಲಿಗೆ ಹುಳ ತುರುಕಿದೆನಲ್ಲ, ಅಂತ ತಲೆ ತಲೆ ಚಚ್ಚಿಕೊಂಡ.

ಭಾನುವಾರ ಬೆಳಗ್ಗೆ ಚಾಪೆಲ್ಲಿನ ಗಂಟೆ ಹೊಡೆಯುತ್ತಿದ್ದ ಹೊತ್ತಿಗೆ ಮೈರಿಗ್ ಹಳೇ ಕೋಟು ತೊಟ್ಟು, ಗಾಳದ ಕೋಲು ಹೆಗಲಿಗೇರಿಸಿ, ಊರ ನಡುಬೀದಿಯಲ್ಲೇ ನಡೆದು ಹೋದ. ಪರದೆ ಸರಿದವು. ಮಕ್ಕಳನ್ನು ಒಳಗೆಳೆದುಕೊಂಡರು. ಅವನಿಗೆ ಲಕ್ಷ್ಯವಿರಲಿಲ್ಲ. ಮೀನೇ ಇಲ್ಲದ ಕೆರೆಯಲ್ಲಿ ಬೀಸಿದರೆ ಅದು ಮೀನು ಹಿಡಿಯುವುದು ಹೇಗಾಗುತ್ತದೆ? ಯಾವ ಆಜ್ಞೆ ಮುರಿದ ಹಾಗಾಗುತ್ತದೆ?

ಬಂಡೆಯ ಮೇಲೆ ನಿಂತು ಭಾವನ ಕಾಳುಗರಿಯನ್ನು ದಾರಕ್ಕೆ ಕಟ್ಟಿದ. ಬೀಸಿದ. ಉಣ್ಣೆಯ ಉಂಡೆ ಟುಳುಕ್ ಅಂತ ಬಿತ್ತು, ನೆನೆಯಿತು, ಮುಳುಗಿತು. ಆ ಹಾಳು ತಿಳಿನೀರಿನಲ್ಲಿ ಅದು ಇಳಿಯುತ್ತ ಹೋಗುವುದು ತಳ ಮುಟ್ಟುವ ತನಕ ಕಾಣಿಸಿತು. ಕಲ್ಲಿನ ಮೇಲೆ ಕೂತಿತು. ಸುತ್ತ ಏನೂ ಅಲುಗಲಿಲ್ಲ. ಮೇಲೆ ಅವನು ನೆಟ್ಟ ಮರಗಳು ಗಾಳಿಗೆ ಸುಯ್ಯೆನ್ನುತ್ತಿದ್ದವು. “ಭಾವ, ಇಲ್ಲಿ ಮೀನಿಲ್ಲ,” ಅಂದ. ಎಷ್ಟು ಸಲೀಸಾಗಿ ಬಂತು ಮಾತು! ಅದನ್ನು ಕೇಳಿಸಿಕೊಂಡು ಅವನು ಬಂಡೆಯ ಮೇಲೇ ಕೂತುಬಿಟ್ಟ.

ಅವನು ಇಳಿದು ಬರುವಾಗ ಚಾಪೆಲ್ಲು ಬಿಟ್ಟಿತ್ತು. ಕಪ್ಪು ಕೋಟು, ಕಪ್ಪು ಟೋಪಿ, ಊರಿಗೆ ಊರೇ ಮೆಟ್ಟಿಲ ಮೇಲೆ. ಗಾಳದ ಕೋಲು ಕಂಡದ್ದೇ ಮಾತು ನಿಂತಿತು. ಎಲಿನೆಡ್ ಗುಂಪಿನ ಹಿಂದೆ ಒಬ್ಬಳೇ ನಿಂತಿದ್ದಳು. ಎಲ್ಲರಿಗಿಂತ ಮುಂದೆ ಕೋಲೂರಿ ನಿಂತಿದ್ದವನು ಟೆಗಿಡ್. ಮುದುಕ ಬೈಯಬೇಕು ಅಂತಲೇ ಬಾಯಿ ತೆರೆದಿದ್ದು. ಆದರೆ ಎಪ್ಪತ್ತು ವರ್ಷದ ಅಭ್ಯಾಸ, ಬೆಟ್ಟದಿಂದ ಇಳಿದವನನ್ನು ಕಂಡರೆ ಬಾಯಿಂದ ಬೇರ‍್ಯಾವ ಮಾತು ಬರಬೇಕು?

“ಏನ್ ತಿಂದಿತ್ತಪ್ಪಾ?” ಅಂದುಬಿಟ್ಟ. ಅಂದು, ಭಾನುವಾರವೆಂದು ನೆನಪಾಗಿ ತುಟಿ ಕಚ್ಚಿಕೊಂಡ.

ಈ ಸಲ ಮೈರಿಗ್ ಸಂದಿ ಹುಡುಕಲಿಲ್ಲ.

“ಏನೂ ತಿಂದಿಲ್ಲ ತಾತ,” ಅಂದ. “ಮೀನೇ ಇಲ್ಲ. ಹೋದ ವರ್ಷ ಏಪ್ರಿಲಿಂದ ಒಂದೂ ಇಲ್ಲ. ನಿಮಗೆ ಕೊಟ್ಟೆ, ಪಾದ್ರಿಗೆ ಕೊಟ್ಟೆ ಅಂತೆಲ್ಲ ಭಾವನ ಹತ್ರ ಸುಳ್ಳು ಹೇಳ್ದೆ. ಆ ಮರಗಳಿಂದ ನೀರು ಹುಳಿಯಾಗಿ ಕೆರೆ ಸತ್ತಿದೆ. ಆ ಮರ ನೆಟ್ಟಿದ್ದು ನಾನು. ಈ ಕೈಯಲ್ಲೇ ನೆಟ್ಟೆ.”

ಉಬ್ಬಸದವನಿಗೆ, ಸಿಲಿಂಡರಿನ ಸದ್ದಿನ ನಡುವೆ ಕೇಳಿಸಬೇಕು ಅನ್ನುವ ಹಾಗೆ ಗಟ್ಟಿಯಾಗಿ ಹೇಳಿದ. ಕೇಳಬೇಕಾದ ಒಬ್ಬನನ್ನು ಬಿಟ್ಟು ಊರೆಲ್ಲ ಕೇಳಿಸಿಕೊಂಡಿತು.